ಆರಿದ ದೀಪಕ್ಕೆ ನಾನು ಕೊಟ್ಟ ಕಾರಣ

ಕಳೆದ ವಾರ ಸಂಜೆ ಮಣಿಪಾಲದ ನನ್ನ ಬಾಡಿಗೆ ಕೋಣೆಯಲ್ಲಿ ಕರೆಂಟು ಹೋಗಿತ್ತು. ಬಂದ ಮೇಲೆ ಮೇಣದ ಬತ್ತಿಯನ್ನು ಊದಿ ಆರಿಸಿದೆ. ಕಪ್ಪಾದ ಬತ್ತಿಯಿಂದ ಎದ್ದ ಹೊಗೆಯ ವಾಸನೆ ಮೂಗಿಗೆ ತಾಗಿದ್ದೇ ತಡ, ಓಡಿಹೋಗಿ ಕಿಟಕಿ ತೆರೆದೆ. ಶಕುನ, ಅಪಶಕುನಗಳನ್ನು ನಾನು ನಂಬುವವಳಲ್ಲ. ಕಾಲೇಜಿನ ಚರ್ಚಾ ವೇದಿಕೆಗಳಲ್ಲಿ ಅವುಗಳ ವಿರುದ್ಧ ಮಾತಾಡಿ ಬಹುಮಾನ ಗೆದ್ದವಳು. ಆದರೂ ಆ ವಾಸನೆಗೆ ಮಾತ್ರ...

ನಮ್ಮೂರು ಕಟಪಾಡಿಯಲ್ಲಿ ಪಕ್ಕದ ಮನೆಯವರನ್ನು ಮಾವ ಎನ್ನುತ್ತಿದ್ದೆ. ನೆಂಟಸ್ತಿಕೆ ಏನಿಲ್ಲ, ನಡುವೆ ಒಂದು ಬೇಲಿ, ಅಷ್ಟೇ. ಮಲ್ಪೆಯ ಐಸ್ ಪ್ಲಾಂಟಿನಲ್ಲಿ ವರ್ಷಗಟ್ಟಲೆ ಯಂತ್ರ ನೋಡಿಕೊಂಡಿದ್ದವರು. ಅವರ ಹೆಂಡತಿ, ನನ್ನ ಪಾಲಿನ ಅತ್ತೆ, ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದ ಮೇಲೆ ಸೆಕೆ ತಡೆಯಲಾರದೆ ಒದ್ದಾಡುತ್ತಿದ್ದರು. ಎ.ಸಿ. ಹಾಕಿಸಿದರೆ ಉಸಿರು ಕಟ್ಟುವ ಹಾಗೆ ಕೆಮ್ಮು. ಕೊನೆಗೆ, ನಾನು ಕಾಲೇಜಿನಲ್ಲಿದ್ದ ವರ್ಷ, ಮಾವ ಕಣ್ಣು ಹಾಕಿದ್ದು ಹಿತ್ತಿಲಿನ ಪಾಳುಬಾವಿಯ ಮೇಲೆ.

"ತಂಪನ್ನು ಯಾರೂ ತಯಾರು ಮಾಡುವುದಿಲ್ಲ ಮಾರಾಯ್ತಿ. ಬಿಸಿಯನ್ನು ಒಯ್ದು ಬೇರೆ ಕಡೆ ಬಿಟ್ಟು ಬರುವುದು, ಅಷ್ಟೇ. ಭೂಮಿಯ ಒಳಗೆ ಬೇಕಾದಷ್ಟು ಜಾಗ ಉಂಟು."

ಬಾವಿಯ ತಳದ ಕೆಸರುನೀರಿನಲ್ಲಿ ಸುರುಳಿ ಸುತ್ತಿದ ಪೈಪು, ಅದರೊಳಗೆ ನೀರು ತಿರುಗಿಸಲು ಸಣ್ಣ ಪಂಪು, ಅತ್ತೆಯ ಕೋಣೆಯಲ್ಲಿ ಗುಜರಿಯಿಂದ ತಂದ ಕಾರಿನ ರೇಡಿಯೇಟರು, ಅದರ ಹಿಂದೆ ಒಂದು ಟೇಬಲ್ ಫ್ಯಾನು. ಇದು ನಡೆಯುವುದಿಲ್ಲವೆಂದು ನಾನು ಲೆಕ್ಕ ಬರೆದು ತೋರಿಸಿದೆ. ಅದು ನಡೆಯಿತು. ಮಾರ್ಚ್ ತಿಂಗಳ ಮಧ್ಯಾಹ್ನ ಅತ್ತೆ ಹೊದಿಕೆ ಕೇಳಿದರು.

"ಎಂತ ಲಾಯರಮ್ಮ, ಈಗ ಎಂತ ಹೇಳ್ತೀರಿ?"

ನನ್ನ ವಾದದ ಚಟಕ್ಕೆ ಮಾವ ಇಟ್ಟ ಹೆಸರು ಅದು. ಸೋತದ್ದು ನನಗೆ ಚುಚ್ಚುತ್ತಲೇ ಇತ್ತು. ಇದನ್ನು ಬರೆಯದೆ ಮುಂದಿನದನ್ನು ಬರೆಯುವುದು ಅಪ್ರಾಮಾಣಿಕತೆ.

ಬಾವಿಯ ತಂಪು ಹೊರಗೆ ಹೋಗಬಾರದೆಂದು ಮಾವ ಮೀನಿನ ಪೆಟ್ಟಿಗೆಯ ಥರ್ಮಾಕೋಲನ್ನು ಹಲಗೆಗೆ ಅಂಟಿಸಿ, ಬಾವಿಯ ಬಾಯಿಗೆ ಮುಚ್ಚಳ ಮಾಡಿದರು. ಮೇಲೆ ಟಾರ್ಪಾಲು ಬಿಗಿದರು. ಐಸ್ ಪೆಟ್ಟಿಗೆ ಮುಚ್ಚಿ ಅಭ್ಯಾಸವಾದ ಕೈ. ಒಳಗೆ ವರ್ಷಗಳಿಂದ ಬಿದ್ದ ತೆಂಗಿನ ಗರಿ, ಎಲೆ ಕೊಳೆಯುತ್ತಿದ್ದವು. ಕೆಲವು ವಾರಗಳಲ್ಲಿ ಬಾವಿಯ ಕಪ್ಪೆಗಳ ಸದ್ದು ನಿಂತಿತು. ಮಾವ ಅದನ್ನು ಗಮನಿಸಿ ನನ್ನ ಮುಖ ನೋಡಿದರು. "ಬೇಸಿಗೆ ಅಲ್ವಾ ಮಾವ?" ಎಂದೆ.

ಮೇ ತಿಂಗಳಲ್ಲಿ ತಂಪು ನಿಂತುಹೋಯಿತು. ಬಾವಿಯ ತಳದಲ್ಲಿ ಪೈಪಿನ ಜೋಡಣೆ ಎಲ್ಲೋ ಬಿಟ್ಟಿತ್ತು. ಮೂರು ದಿನ ಅತ್ತೆ ಬಾಯಿ ತೆರೆದು ಏದುಸಿರು ಬಿಟ್ಟರು. ನಾಲ್ಕನೆಯ ದಿನ ಮಧ್ಯಾಹ್ನ, ಇಳಿದು ಸರಿಮಾಡಲೆಂದು ಮಾವ ಮುಚ್ಚಳ ಸರಿಸಿದರು.

ಹಳೆಯ ಬಾವಿಗೆ ಇಳಿಯುವ ಮೊದಲು ನಮ್ಮಲ್ಲಿ ಉರಿಯುವ ದೀಪವನ್ನು ಹಗ್ಗ ಕಟ್ಟಿ ಇಳಿಸುತ್ತಾರೆ. ದೀಪ ಬದುಕಿದರೆ ಮನುಷ್ಯನೂ ಬದುಕುತ್ತಾನೆ. ಮಾವ ಚಿಮಣಿ ದೀಪ ಇಳಿಸಿದರು. ಅರ್ಧಕ್ಕೆ ಆರಿತು. ಮತ್ತೆ ಹಚ್ಚಿ ಇಳಿಸಿದರು. ಅದೇ ಜಾಗದಲ್ಲಿ ಆರಿತು. ಬತ್ತಿಯ ವಾಸನೆ ಮೇಲೆ ಬಂತು.

ಕಿಟಕಿಯೊಳಗಿಂದ ಅತ್ತೆ ತೊದಲುತ್ತಾ ಕೂಗಿದರು: "ದೀಪ ಆರಿತಲ್ಲ... ಇಳಿಯಬೇಡಿ ಮಾರಾಯ್ರೇ."

ಮಾವ ಹಿಂಜರಿದರು. ಆಗ ಬಾಯಿ ತೆರೆದವಳು ನಾನು.

"ಗಾಜಿಲ್ಲದ ಚಿಮಣಿ ಮಾವ, ಕಡಲಗಾಳಿಗೆ ಆರಿರಬೇಕು. ಎರಡು ಸಲ ಆರಿದ್ದು ಪುರಾವೆ ಅಲ್ಲ."

ಮಾವ ನಕ್ಕರು. "ಕೇಳಿತಾ? ಲಾಯರಮ್ಮ ಕೇಸು ವಜಾ ಮಾಡಿದರು." ತೆಂಗಿನ ಮರಕ್ಕೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಸೊಂಟಕ್ಕೆ ಬಿಗಿದು ಇಳಿದರು. ದೀಪ ಆರಿದ ಜಾಗ ದಾಟುವಾಗಲೂ ಮಾತಾಡುತ್ತಿದ್ದರು. "ಒಳ್ಳೆ ತಂಪು ಉಂಟು ಮಾರಾಯ್ತಿ..." ಎಂದರು. ಆಮೇಲೆ ಹಗ್ಗ ಒಮ್ಮೆಲೇ ಬಿಗಿಯಿತು.

ಎಳೆದೆ. ಅಂಗೈಯ ಚರ್ಮ ಕಿತ್ತುಬಂತು. ಅವರು ಒಂದು ಮೊಳವೂ ಮೇಲೆ ಬರಲಿಲ್ಲ. ಕೂಗು ಕೇಳಿ ಓಡಿಬಂದ ನೆರೆಯವರು, ಇಳಿಯಹೊರಟ ನನ್ನನ್ನು ಹಿಡಿದು ನಿಲ್ಲಿಸಿದರು. ಎಲ್ಲರೂ ಸೇರಿ ಎಳೆದು ಮೇಲೆ ತಂದಾಗ ತಡವಾಗಿತ್ತು. ಮುಚ್ಚಿದ ಬಾವಿಯಲ್ಲಿ ಎಲೆ ಕೊಳೆತು ಉಸಿರಾಡುವ ಗಾಳಿಯೇ ಉಳಿದಿರಲಿಲ್ಲವೆಂದು ಆಮೇಲೆ ಬಂದ ಅಗ್ನಿಶಾಮಕದವರು ಹೇಳಿದರು. ಅವರಲ್ಲೊಬ್ಬರು ಕೇಳಿದರು: "ದೀಪ ಇಳಿಸಿ ನೋಡಲಿಲ್ವಾ?"

ನಾನು ಆರಿದ ಚಿಮಣಿಯನ್ನು ಕಾಲಿನಿಂದ ಹಿಂದಕ್ಕೆ ಸರಿಸಿದೆ.

ಕಳೆದ ವಾರ ಮೇಣದ ಬತ್ತಿ ಆರಿಸಿದ ಮರುದಿನವೇ ಕಟಪಾಡಿಗೆ ಹೋದೆ. ಬಾವಿಯನ್ನು ಮಣ್ಣು ತುಂಬಿ ಮುಚ್ಚಿದ್ದಾರೆ. ಅತ್ತೆ ಈಗ ತಮ್ಮ ತಂಗಿಯ ಆರೈಕೆಯಲ್ಲಿ ಅದೇ ಕೋಣೆಯಲ್ಲಿ ಮಲಗಿರುತ್ತಾರೆ. ರೇಡಿಯೇಟರು ಅಲ್ಲೇ ಇದೆ, ತುಕ್ಕು ಹಿಡಿದಿದೆ. ಅತ್ತೆ ಇಷ್ಟು ವರ್ಷ ಕೇಳದೇ ಇದ್ದದ್ದನ್ನು ಕೇಳಿದರು.

"ಅವತ್ತು ಗಾಳಿ ಇತ್ತಾ?"

ಎಲ್ಲದಕ್ಕೂ ಮರುವಾದ ಇಟ್ಟುಕೊಂಡವಳು ನಾನು. "ಇರಲಿಲ್ಲ ಅತ್ತೆ," ಎಂದೆ.

"ಗೊತ್ತುಂಟು. ತೆಂಗಿನ ಗರಿ ಇಲ್ಲಿಂದ ಕಾಣ್ತದೆ. ಒಂದೂ ಅಲ್ಲಾಡಲಿಲ್ಲ."

ಅವರ ಕತ್ತು ಬೆವರಿನಿಂದ ಒದ್ದೆಯಾಗಿತ್ತು. ಫ್ಯಾನು ಹಾಕಲೇ ಎಂದು ಎದ್ದೆ.

"ಬೇಡ," ಎಂದರು ಅತ್ತೆ. "ಸೆಕೆ ಇರಲಿ."