ಬಾರೋನೆಯ ಪಾಲಿನ ಬಾಡು

ಎವಾರಿಸ್ತೊ ಲಿಫ್ಟಿನಲ್ಲಿ ತೂಕಡಿಸುತ್ತಾನೆ ಎಂದು ಯಾರಾದರೂ ಅಂದರೆ ಅವನಿಗೆ ಕೆಟ್ಟ ಸಿಟ್ಟು ಬರುತ್ತದೆ. "ತೂಕಡಿಸ್ತಿರ್ಲಿಲ್ಲ ಕಣಯ್ಯ, ಹಗ್ಗದ ಸದ್ದು ಕೇಳ್ತಿದ್ದೆ" ಎನ್ನುತ್ತಾನೆ.

ಇಟಲಿಯ ಜೆನೋವಾದ ನಮ್ಮ ಗುಡ್ಡದ ಲಿಫ್ಟಿಗೆ ಅವನೇ ಮೆಕ್ಯಾನಿಕ್. ಬಂದರಿನ ಬೀದಿಯಿಂದ ಗುಡ್ಡದ ನೆತ್ತಿ ಮುಟ್ಟಲು ಅದಕ್ಕೆ ಒಂದೂವರೆ ನಿಮಿಷ ಬೇಕು. ಒಳಗೆ ಮರದ ಬೆಂಚು, ಹಿತ್ತಾಳೆ ಹಿಡಿ, ಮುಖವನ್ನು ಸ್ವಲ್ಪ ಹಸಿರಾಗಿ ತೋರಿಸುವ ಹಳೇ ಕನ್ನಡಿ. ಗ್ರೀಸು ಹಚ್ಚಿದ ದಿನ ಪರೀಕ್ಷೆಯ ನೆಪದಲ್ಲಿ ಎವಾರಿಸ್ತೊ ಬೆಂಚಿನ ಮೇಲೆ ಕೂತು, ಹೊಟ್ಟೆಯ ಮೇಲೆ ಕೈ ಕಟ್ಟಿ, ಕಣ್ಣು ಮುಚ್ಚಿ ಇಪ್ಪತ್ತು ಸಲ ಹತ್ತಿ ಇಳಿಯುತ್ತಿದ್ದ. ಹತ್ತನೆಯ ಸಲ ಬಾಗಿಲು ತೆರೆದಾಗ ಹೊರಗೆ ಜೆನೋವಾ ಇರುತ್ತಿರಲಿಲ್ಲವಂತೆ. ಅವನ ಹುಟ್ಟೂರು ತಾಂದಿಲ್ ಇರುತ್ತಿತ್ತಂತೆ. ಕಲ್ಲುಗುಡ್ಡ, ಅದರಾಚೆ ಕೊನೆಯಿಲ್ಲದ ಹುಲ್ಲು, ಭಾನುವಾರ ಮಧ್ಯಾಹ್ನ ಒಂದೊಂದು ಹಿತ್ತಲಿನಿಂದಲೂ ನೆಟ್ಟಗೆ ಏಳುವ ನೀಲಿ ಹೊಗೆ.

"ವಾಸನೆನೂ ಬರುತ್ತಾ?" ಎಂದು ನಾನೊಮ್ಮೆ ಕೇಳಿದ್ದೆ.

"ಬರೋ ಹೊತ್ತಿಗೆ ಸರಿಯಾಗಿ ಯಾರೋ ಮುದುಕಿ ಸೊಪ್ಪಿನ ಚೀಲ ಹಿಡ್ಕೊಂಡು ಒಳಗೆ ಬರ್ತಾಳೆ. ಎಲ್ಲಾ ಹೋಯ್ತು."

ನಾನೂ ತಾಂದಿಲ್‌ನವನೇ. ಇಬ್ಬರೂ ಒಂದೇ ವರ್ಷದಲ್ಲಿ ಅರ್ಜೆಂಟೀನಾ ಬಿಟ್ಟು ಬಂದವರು ನಾವು. ಇಬ್ಬರ ಅಜ್ಜಂದಿರೂ ಇದೇ ಬಂದರಿನಲ್ಲಿ ಹಡಗು ಹತ್ತಿದವರು. ಅವರ ಜನನಪತ್ರ ತೋರಿಸಿ, ಇಲ್ಲಿಯ ಪೌರತ್ವ ಪಡೆದು ನಾವು ಮೊಮ್ಮಕ್ಕಳು ವಾಪಸು ಬಂದೆವು. ಅಜ್ಜಂದಿರು ಊರು ಬಿಟ್ಟದ್ದು ಯಾಕೆ ಎಂಬುದು ಇಲ್ಲಿನ ಬಾಡಿನಂಗಡಿಗೆ ಕಾಲಿಟ್ಟ ದಿನವೇ ತಿಳಿಯಿತು. ಇಲ್ಲಿ ಬಾಡನ್ನು ಕಾಗದದ ಹಾಗೆ ಕೊಯ್ಯುತ್ತಾರೆ. ದೀಪಕ್ಕೆ ಹಿಡಿದರೆ ಆಚೆಯ ಮನುಷ್ಯ ಕಾಣಬೇಕು. ಮೂರು ಬೆರಳು ದಪ್ಪದ ಸ್ಟೇಕು ಇಲ್ಲವೆಂದಲ್ಲ, ಇದೆ. ಗಾಜಿನ ಪೆಟ್ಟಿಗೆಯಲ್ಲಿ ಒಡವೆಯಂತೆ ದೀಪ ಹಾಕಿ ಮಲಗಿಸಿರುತ್ತಾರೆ. ಅದರ ಬೆಲೆ ಓದಿದ ಎವಾರಿಸ್ತೊ ಟೋಪಿ ತೆಗೆದು ಎದೆಗೆ ಒತ್ತಿಕೊಂಡಿದ್ದ, ಸತ್ತವರ ಮನೆಗೆ ಬಂದವನ ಹಾಗೆ.

ಒಂಬತ್ತು ವರ್ಷ ಹೀಗೇ ಕಳೆಯಿತು. ಲಿಫ್ಟು ಹತ್ತುತ್ತಿತ್ತು, ಇಳಿಯುತ್ತಿತ್ತು. ಎವಾರಿಸ್ತೊ "ಊರಿಗೆ ಹೋಗೋಣ" ಎನ್ನುತ್ತಿದ್ದ. ಅವನ ಹೆಂಡತಿ ಇರ್ಮಾ ಬಟ್ಟೆ ಹಿಗ್ಗಿಸಿ ಕುಗ್ಗಿಸಿ ಹೊಲಿದುಕೊಡುವ ಪುಟ್ಟ ಅಂಗಡಿ ಇಟ್ಟಿದ್ದಳು. ಇಗರ್ಜಿಯ ಹಾಡಿನ ಗುಂಪಿಗೆ ಸೇರಿದ್ದಳು. ಬೆಳಿಗ್ಗೆ ಕಿಟಕಿ ತೆರೆದಾಗ ಸಮುದ್ರ ಕಾಣಿಸದಿದ್ದರೆ ಅವಳಿಗೆ ಕಾಫಿ ಇಳಿಯುತ್ತಿರಲಿಲ್ಲ. ಅವಳಿಗೆ ಎಲ್ಲಿಗೂ ಹೋಗುವುದಿರಲಿಲ್ಲ. ಈ ವರ್ಷ ಮೇ ಕೊನೆಗೆ ಮನೆಯ ಬಾಡಿಗೆ ಕರಾರು ಮುಗಿಯುವುದಿತ್ತು. ಮತ್ತೆ ರುಜು ಹಾಕಿದರೆ ಇನ್ನು ನಾಲ್ಕು ವರ್ಷ ಇಲ್ಲೇ. ಹಾಕದಿದ್ದರೆ ತಾಂದಿಲ್.

ಜನವರಿಯ ಒಂದು ಊಟದಲ್ಲಿ ನನ್ನೆದುರೇ ಒಪ್ಪಂದವಾಯಿತು.

"ನೋಡು ಮುದುಕ," ಅಂದಳು ಇರ್ಮಾ. "ಒಂಬತ್ತು ವರ್ಷದಿಂದ ಒಂದೇ ರಾಗ. ಈ ಊರಲ್ಲಿ ಬಾಡಿಲ್ಲ, ಬಾಡಿಲ್ಲ. ಮೇ ಮುಗಿಯೋದ್ರೊಳಗೆ ನಮ್ಮೂರಿನಂಥ ಸ್ಟೇಕು, ನಿನ್ನ ಸಂಬಳಕ್ಕೆ ನಿಲುಕೋ ಬೆಲೆಗೆ ಸಿಕ್ಕಿದ್ರೆ ರುಜು ಹಾಕ್ತೀಯ. ಸಿಗ್ಲಿಲ್ಲ ಅಂದ್ರೆ ನಾನೇ ಪೆಟ್ಟಿಗೆ ಕಟ್ತೀನಿ. ತುಟಿ ಪಿಟಕ್ ಅನ್ನಲ್ಲ."

"ಚೆನ್ನಾಗಿದೆಯೋ ಇಲ್ವೋ ಅಂತ ಹೇಳೋರು ಯಾರು?" ನಾನು ಮೂಗು ತೂರಿಸಿದೆ.

"ಅವನೇ. ಬಾಡಿನ ವಿಷಯದಲ್ಲಿ ನನ್ನ ಗಂಡ ಸುಳ್ಳು ಹೇಳಲ್ಲ. ಬೇರೆ ಎಲ್ಲಾದ್ರಲ್ಲೂ ಹೇಳ್ತಾನೆ. ಹುಡುಕೋಕೆ ನೀನೂ ಸೇರ್ಕೋ ದಡಿಯ, ಹೇಗೂ ಕೆಲಸ ಇಲ್ಲ ನಿಂಗೆ."

ನನಗೆ ಕೆಲಸವಿದೆ. ಕಾಫಿ ಯಂತ್ರ, ಇಸ್ತ್ರಿ ಪೆಟ್ಟಿಗೆಗಳ ಜೊತೆ ಬರುವ ಸೂಚನಾ ಪುಸ್ತಿಕೆಗಳನ್ನು ಸ್ಪ್ಯಾನಿಷಿಗೆ ಇಳಿಸುತ್ತೇನೆ. ಯಾರೂ ಓದದಿರುವುದರಿಂದ ಇಷ್ಟು ವರ್ಷ ಅನ್ನ ಸಿಕ್ಕಿದೆ. ಹುಡುಕಾಟದಲ್ಲಿ ನನ್ನ ಸಾಧನೆಯನ್ನೂ ಹೇಳಿಬಿಡುತ್ತೇನೆ. ಫೆಬ್ರವರಿಯಲ್ಲಿ ಅಗ್ಗವೆಂದು ತಂದ ತುಂಡು ಎರಡು ಗಂಟೆ ಸುಟ್ಟರೂ ಮೆದುವಾಗಲಿಲ್ಲ. ಇರ್ಮಾ ಅದನ್ನು ಬಾಗಿಲಿಗೆ ಅಡ್ಡ ಇಡಬಹುದು ಅಂದಳು. ಮಾರ್ಚಿನಲ್ಲಿ ತಂದ ಹಿಮಗಟ್ಟಿದ ಬಾಡು ಕರಗಿದ ಮೇಲೆ ಅರ್ಧ ನೀರಾಯಿತು, ಉಳಿದರ್ಧ ಬೇಸರವಾಯಿತು.

ಎವಾರಿಸ್ತೊ ಕೂಡ ಹುಡುಕುವ ಶಾಸ್ತ್ರ ಮಾಡಿದ. ಬಾಡಿನ ಯಾವ ಭಾಗ ಎಲ್ಲಿರುತ್ತದೆಂದು ನಾವು ಕಲಿತದ್ದು ದನದ ಮೇಲಲ್ಲ, ನಮ್ಮ ನಮ್ಮ ಮೈಮೇಲೆ. ಊರಲ್ಲಿ ಅಂಗಡಿಯವನ ಮುಂದೆ ನಿಂತು ಪಕ್ಕೆ ತಟ್ಟಿಕೊಂಡರೆ ಸಾಕು, ಅವನು ಕತ್ತಿ ಎತ್ತುತ್ತಾನೆ. ಎವಾರಿಸ್ತೊ ಅದೇ ಅಭ್ಯಾಸದಲ್ಲಿ ನಮ್ಮ ಬೀದಿಯ ಜೆರೊಲಮೊನ ಅಂಗಡಿಯಲ್ಲಿ ಅಂಗಿ ಎತ್ತಿ, ಕೊನೆಯ ಪಕ್ಕೆಲುಬಿನ ಕೆಳಗೆ ಬೆರಳು ತೂರಿಸಿ, "ಇಲ್ಲಿ, ಒಳಗಡೆ, ಇಷ್ಟುದ್ದ" ಎಂದು ತೋರಿಸಿದ.

ಜೆರೊಲಮೊ ಕನಿಕರದಿಂದ ನೋಡಿದ. "ತುಂಬಾ ನೋವಿದೆಯಾ? ಔಷಧಿ ಅಂಗಡಿ ಎದುರಿಗೇ ಇದೆ ನೋಡಿ."

ಎವಾರಿಸ್ತೊ ಮತ್ತೆ ಕೇಳಲಿಲ್ಲ. ಹೊರಗೆ ಬಂದವನ ಮುಖದಲ್ಲಿ ಎಂಥದೋ ನೆಮ್ಮದಿ. ಕುಣಿಯಲಾರದವಳಿಗೆ ನೆಲ ಡೊಂಕು ಎನ್ನುತ್ತಾರಲ್ಲ, ಇವನು ಆ ಡೊಂಕು ನೆಲವನ್ನು ದಿನಾ ಗುಡಿಸಿ ಸಾರಿಸಿ ಕಾಪಾಡುತ್ತಿದ್ದಾನೆ ಎಂದು ನನಗೆ ಆಗಲೇ ಅನುಮಾನ ಬಂತು.

ಏಪ್ರಿಲ್‌ನ ಒಂದು ಶನಿವಾರ ಬೆಳಿಗ್ಗೆ ಸಮುದ್ರದಿಂದ ಮಂಜು ಹತ್ತಿ ಬಂದು ಬೀದಿಗಳನ್ನು ಒಂದೊಂದಾಗಿ ಅಳಿಸುತ್ತಿತ್ತು. ಎವಾರಿಸ್ತೊ ಲಿಫ್ಟಿನ ಬೆಂಚಿನಲ್ಲಿದ್ದ. ಸಿನ್ಯೋರಾ ಕ್ಲೆಲಿಯಾ ತಮ್ಮ ನಾಯಿಯೊಂದಿಗೆ ಒಳಗೆ ಬಂದರು. ಎಂಬತ್ತು ದಾಟಿದ ಹೆಂಗಸು, ಗುಡ್ಡದ ಮೇಲೆ ಒಬ್ಬರೇ ಇರುವವರು. ನಾಯಿಯ ಹೆಸರು ಬಾರೋನೆ. ಗಿಡ್ಡ ಕಾಲು, ಹೊಳೆಯುವ ಮೈ, ಜಮೀನ್ದಾರನ ಹೊಟ್ಟೆ. ಅರ್ಧ ಗುಡ್ಡ ಹತ್ತಿದ ಲಿಫ್ಟು ಒಮ್ಮೆ ನಿಟ್ಟುಸಿರು ಬಿಟ್ಟು ನಿಂತಿತು.

ಲಿಫ್ಟು ಕೆಟ್ಟರೆ ಫೋನ್ ಮಾಡಬೇಕಾದ ನಂಬರು ಗೋಡೆಯ ಮೇಲಿತ್ತು. ಸಿನ್ಯೋರಾ ಮಾಡಿದರು. ಎವಾರಿಸ್ತೊನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು.

"ಓ, ನೀವೇನಾ?" ಅಂದರು ಅವರು.

"ನಾನೇ ಸಿನ್ಯೋರಾ. ರಿಪೇರಿಗೆ ನಾನು ಹೊರಗಿರಬೇಕು. ಇನ್ನೊಬ್ಬ ಬರೋಕೆ ಅರ್ಧ ಗಂಟೆ ಆಗುತ್ತೆ."

"ನಂಗೇನೂ ಅವಸರ ಇಲ್ಲ. ಇವನಿಗೆ ಮಾತ್ರ ಒಂಬತ್ತಕ್ಕೆ ಸರಿಯಾಗಿ ತಿಂಡಿ ಬೇಕು."

ಕಿಟಕಿಯ ಹೊರಗೆ ಬರೀ ಬಿಳುಪು. ಬೆಟ್ಟವೂ ಇಲ್ಲ, ಬಂದರೂ ಇಲ್ಲ, ಮೂರು ಜೀವಗಳು ಹಾಲಿನಲ್ಲಿ ತೇಲುತ್ತಿವೆ. ಸಿನ್ಯೋರಾ ಚೀಲದಿಂದ ಕಾಗದದ ಪೊಟ್ಟಣ ತೆಗೆದು ಮೊಣಕಾಲ ಮೇಲೆ ಬಿಚ್ಚಿದರು. ಎವಾರಿಸ್ತೊ ನೋಡಿದ. ಕಣ್ಣುಜ್ಜಿ ಮತ್ತೆ ನೋಡಿದ. ಅಂಗೈ ಅಗಲ, ಮೊಳದುದ್ದ, ಕಡುಗೆಂಪು, ಅಡ್ಡಡ್ಡ ಎಳೆ, ಅಂಚಿನಲ್ಲಿ ಬೆಳ್ಳಗೆ ಪೊರೆ. ದನದ ಎದೆಗೂ ಹೊಟ್ಟೆಗೂ ನಡುವೆ ಪರದೆಯಂತೆ ತೂಗುವ ಪಟ್ಟಿ. ನಮ್ಮೂರಿನ ಯಾವ ಒಲೆಯ ಮೇಲಿಟ್ಟರೂ ಜನ ಮಾತು ನಿಲ್ಲಿಸುವ ಪಟ್ಟಿ.

"ಇದು... ಎಲ್ಲಿ ತಂದ್ರಿ?"

"ಜೆರೊಲಮೊ ಹತ್ರ. ಮನುಷ್ಯರು ಯಾರೂ ತಗೊಳ್ಳಲ್ಲ ಇದನ್ನ. ವಾರಕ್ಕೆ ಒಂದು ದನ ಬರುತ್ತೆ, ಎರಡು ಪಟ್ಟಿ. ಎರಡನ್ನೂ ನನಗೇ ಎತ್ತಿಡ್ತಾನೆ, ನಾಯಿಗೆ ಅಂತ. ಒಂದು ಕಾಫಿ ದುಡ್ಡಿಗೆ ಒಂದು ಪಟ್ಟಿ. ಯಾಕಪ್ಪಾ, ಉಸಿರು ಕಟ್ತಾ ಇದೆಯಾ?"

ಒಂಬತ್ತು ವರ್ಷ ಅವನ ಕಾಲ ಬಳಿಯೇ ಆ ಪೊಟ್ಟಣ ಗುಡ್ಡ ಹತ್ತಿತ್ತು. ಬಾರೋನೆ ಕಣ್ಣು ಅರೆಮುಚ್ಚಿ, ಅವಸರವಿಲ್ಲದೆ, ಒಂದಿಡೀ ಪಟ್ಟಿಯನ್ನು ಹಸಿಯಾಗಿಯೇ ಮುಗಿಸಿತು.

ಮರುದಿನ ಬಂದರಿನ ಕಟ್ಟೆಯ ಮೇಲೆ ಕೂತು ಎವಾರಿಸ್ತೊ ಇದನ್ನೆಲ್ಲ ನನಗೆ ಹೇಳಿದ. ಹೇಳಿ, "ಇರ್ಮಾಗೆ ಹೇಳ್ಬೇಡ" ಅಂದ.

"ಯಾಕೋ? ಸಿಕ್ತಲ್ಲ!"

"ಅದಕ್ಕೇ." ಅವನು ದೂರದ ಹಡಗೊಂದನ್ನು ನೋಡುತ್ತಿದ್ದ. "ನಮ್ಮಪ್ಪ ಕಸಾಯಿಖಾನೇಲಿ ನೆಲ ತೊಳೀತಿದ್ದದ್ದು ಗೊತ್ತಲ್ಲ ನಿಂಗೆ? ಶನಿವಾರ ಕೆಲಸದವರಿಗೆ ಈ ಪಟ್ಟಿ ಪುಕ್ಕಟೆ. ಆಗ ಯಾರೂ ಕೊಳ್ತಿರ್ಲಿಲ್ಲ. ಅಪ್ಪ ಪೇಪರಲ್ಲಿ ಸುತ್ತಿ ಸೈಕಲ್ಲಿಗೆ ಸಿಕ್ಕಿಸ್ಕೊಂಡು ಬರೋನು. ಲಿಫ್ಟಲ್ಲಿ ಕಣ್ಣು ಮುಚ್ಚಿದ್ರೆ ಬರೋ ಹೊಗೆ ಅದೇ ಕಣೋ. ಅದು ಇಲ್ಲೇ, ಈ ಬೀದೀಲೇ ಸಿಗುತ್ತೆ ಅಂದ್ರೆ, ಆಮೇಲೆ ನಾನು ಊರಿಗೆ ಹೋಗೋದಾದ್ರೂ ಯಾಕೆ?"

ಇಸ್ತ್ರಿ ಪೆಟ್ಟಿಗೆಯ ಪುಸ್ತಿಕೆಯಲ್ಲಿ ಇಂಥ ಪ್ರಶ್ನೆ ಬರುವುದಿಲ್ಲ. ಬಾಯಿ ಮುಚ್ಚಿಕೊಂಡಿರುತ್ತೇನೆ ಎಂದು ಮಾತು ಕೊಟ್ಟೆ. ಐದು ವಾರ ಇರ್ಮಾ ಕಂಡಾಗಲೆಲ್ಲ ಬೀದಿ ದಾಟಿ ತಪ್ಪಿಸಿಕೊಂಡೆ.

ಬಾಯಿ ಬಿಟ್ಟದ್ದು ನಾನಲ್ಲ. ಸಿನ್ಯೋರಾ ಕ್ಲೆಲಿಯಾ ಲಂಗದ ಸೊಂಟ ಬಿಗಿ ಮಾಡಿಸಲು ಇರ್ಮಾಳ ಅಂಗಡಿಗೆ ಹೋಗಿದ್ದರು. "ನಿನ್ನ ಗಂಡ ಬಹಳ ಮೆದು ಮನಸ್ಸಿನವನಮ್ಮ" ಅಂದರಂತೆ. "ನನ್ನ ಬಾರೋನೆ ತಿನ್ನೋದನ್ನ ನೋಡಿ ಕಣ್ಣಲ್ಲಿ ನೀರು ತಂದ್ಕೊಂಡ."

ಇರ್ಮಾ ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟು, "ಏನು ತಿಂತಿತ್ತು?" ಎಂದು ಕೇಳಿದಳಂತೆ.

ಮೇ ತಿಂಗಳ ಕೊನೆಯ ಶನಿವಾರ ಜೆರೊಲಮೊ ಬಾಗಿಲು ತೆರೆಯುವ ಮೊದಲೇ ಅವಳು ಅಲ್ಲಿ ನಿಂತಿದ್ದಳು. ಎರಡೂ ಪಟ್ಟಿ ಕೊಂಡಳು. ನಾಯಿಯ ಬಾಯಿಗೆ ಮಣ್ಣು ಹಾಕಿದಂತಾಯಿತಲ್ಲ ಎಂದು ಸಿನ್ಯೋರಾರನ್ನೂ ಬಾರೋನೆಯನ್ನೂ ಭಾನುವಾರದ ಊಟಕ್ಕೆ ಕರೆದಳು. ನನಗೂ ಹೇಳಿಕಳಿಸಿದಳು: "ಗೊತ್ತಿದ್ದೂ ಸುಮ್ಮನಿದ್ದ ಆ ದಡಿಯನೂ ಬರ್ಲಿ." ಬೈಗುಳದೊಂದಿಗೆ ಬಂದ ಕರೆಯಾದರೂ ಊಟದ ಕರೆ ಊಟದ ಕರೆಯೇ. ಹೋದೆ.

ತಾರಸಿಯ ಮೇಲೆ ಒಣಗಲು ಹಾಕಿದ ಹಾಸಿಗೆ ಬಟ್ಟೆಗಳು ಹಾಯಿಗಳಂತೆ ಉಬ್ಬುತ್ತಿದ್ದವು. ಎವಾರಿಸ್ತೊ ಅರ್ಧ ಸೀಳಿದ ಪೀಪಾಯಿಯಲ್ಲಿ ಆಲಿವ್ ಕಟ್ಟಿಗೆ ಉರಿಸಿ ಕೆಂಡ ಮಾಡಿದ. ಅವನ ಬೆಂಕಿಗೆ ಇನ್ನೊಬ್ಬರು ಕೈ ಹಾಕುವಂತಿಲ್ಲ. ನಾನು ಒಂದು ಕೊಳ್ಳಿ ಸರಿಸಲು ಹೋಗಿ ಕೈಗೆ ಏಟು ತಿಂದೆ. ಹರಳುಪ್ಪು ಹಾಕಿದ. ಪಟ್ಟಿ ಕೆಂಡದ ಮೇಲೆ ಚುಂಯ್ ಎಂದಿತು. ಹೊಗೆ ಎದ್ದು, ಹಾಸಿಗೆ ಬಟ್ಟೆಗಳ ನಡುವೆ ದಾರಿ ಹುಡುಕಿಕೊಂಡು, ಸಮುದ್ರದ ಕಡೆ ಹೊರಟಿತು. ಬಿಳಿ ಬಟ್ಟೆಯ ಹಿಂದೆ ಯಾರೋ ಸೈಕಲ್ ಒರಗಿಸುತ್ತಿದ್ದಾರೆ ಎಂದು ನನಗೂ ಒಂದು ಕ್ಷಣ ಅನ್ನಿಸಿತು.

ನಮ್ಮಲ್ಲಿ ಸುಡುವವನು ಎಲ್ಲರಿಗೂ ಬಡಿಸಿ ಕೊನೆಗೆ, ನಿಂತೇ ತಿನ್ನುತ್ತಾನೆ. ಆಗ ಅತಿಥಿಗಳಲ್ಲೊಬ್ಬ "ಸುಟ್ಟವನಿಗೊಂದು ಚಪ್ಪಾಳೆ!" ಎಂದು ಕೂಗಬೇಕು, ಎಲ್ಲರೂ ತಟ್ಟಬೇಕು. ಆ ಕೆಲಸ ನನ್ನದು. ಆದರೆ ಇರ್ಮಾ ಮೆಟ್ಟಿಲಲ್ಲೇ ಎಚ್ಚರಿಸಿದ್ದಳು: "ಅವನು ಹೇಳೋವರೆಗೂ ಚಪ್ಪಾಳೆ ಇಲ್ಲ."

ನಾವು ತಿಂದೆವು. ನನ್ನ ಅಭಿಪ್ರಾಯ ಯಾರೂ ಕೇಳಲಿಲ್ಲ. ಕೇಳಿದ್ದರೂ ಹೇಳುವ ಸ್ಥಿತಿಯಲ್ಲಿ ನನ್ನ ಬಾಯಿ ಇರಲಿಲ್ಲ. ಸಿನ್ಯೋರಾ ಒಂದು ತುಂಡು ಅಗಿದು, ನಾಯಿಯ ಕಡೆ ತಿರುಗಿ, "ಇಷ್ಟು ವರ್ಷ ನನಗೆ ಹೇಳಲೇ ಇಲ್ವಲ್ಲೋ ನೀನು!" ಅಂದರು.

ಎವಾರಿಸ್ತೊ ಕೊನೆಯ ತುಂಡನ್ನು ಚಾಕುವಿನ ತುದಿಯಲ್ಲಿ ಚುಚ್ಚಿ ಬಾಯಿಗಿಟ್ಟ. ನಮಗೆ ಬೆನ್ನು ಮಾಡಿ ಸಮುದ್ರ ನೋಡುತ್ತ ಅಗಿದ. ಬಹಳ ಹೊತ್ತು ಅಗಿದ. ಇರ್ಮಾ ಮಡಿಲಲ್ಲಿ ಕರವಸ್ತ್ರವನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸುತ್ತಿದ್ದಳು. ಚೆನ್ನಾಗಿಲ್ಲ ಅಂತ ಒಂದು ಮಾತು ಅಂದರೆ ಸಾಕಿತ್ತು. ಅವಳು ಕೊಟ್ಟ ಮಾತಿನಂತೆ ಪೆಟ್ಟಿಗೆ ಕಟ್ಟುತ್ತಿದ್ದಳು.

ಅವನು ನುಂಗಿದ. ಚಾಕುವನ್ನು ಒರೆಸಿದ.

"ಉಪ್ಪು ಒಂಚೂರು ಕಮ್ಮಿ" ಅಂದ, ಇನ್ನೂ ಬೆನ್ನು ಮಾಡಿಕೊಂಡೇ. "ಮುಂದಿನ ಭಾನುವಾರ ಜಾಸ್ತಿ ಹಾಕ್ಬೇಕು."

"ಮುಂದಿನ ಭಾನುವಾರ ಅಂದ್ರೆ ಜೂನ್ ಬಂದಿರುತ್ತೆ, ಮುದುಕ." ಇರ್ಮಾಳ ದನಿ ಸಣ್ಣಗಿತ್ತು.

"ಗೊತ್ತು. ಅಪ್ಪನೂ ಉಪ್ಪು ಕಮ್ಮೀನೇ ಹಾಕ್ತಿದ್ದ."

ಚಪ್ಪಾಳೆ ಕೂಗಬೇಕಾದವನು ನಾನು. ಬಾಯಿ ತುಂಬಿತ್ತು. ಇರ್ಮಾಳೇ ಎದ್ದು ನಿಂತು ತಟ್ಟಿದಳು, ಒಬ್ಬಳೇ, ಕರವಸ್ತ್ರ ಕೆಳಗೆ ಬಿದ್ದದ್ದು ಗೊತ್ತಾಗದೆ. ಏನೆಂದು ತಿಳಿಯದಿದ್ದರೂ ಸಿನ್ಯೋರಾ ಸೇರಿಕೊಂಡರು. ಬಾರೋನೆ ಬೊಗಳಿತು. ಒಂಬತ್ತು ವರ್ಷದ ಮೇಲೆ ಬಿದ್ದ ಚಪ್ಪಾಳೆಗೆ ಎವಾರಿಸ್ತೊ ಟೋಪಿ ತೆಗೆದ. ಎದೆಗೆ ಒತ್ತಿಕೊಳ್ಳಲಿಲ್ಲ, ಗಾಳಿಯಲ್ಲಿ ಒಂದು ಸಲ ಬೀಸಿದ.

ಹೊರಡುವ ಮೊದಲು ಸಿನ್ಯೋರಾ ಕ್ಲೆಲಿಯಾ ತಮ್ಮ ಷರತ್ತು ಹೇಳಿದರು. ವಾರಕ್ಕೆರಡು ಪಟ್ಟಿಯಲ್ಲಿ ಒಂದು ನಿಮಗೆ, ಒಂದು ಬಾರೋನೆಗೆ. ಅದರದ್ದನ್ನೂ ಇನ್ನು ಕೆಂಡದ ಮೇಲೆಯೇ ಸುಡಬೇಕು, ಉಪ್ಪು ಮಾತ್ರ ಬೇಡ. ಎವಾರಿಸ್ತೊ ತಕರಾರಿಲ್ಲದೆ ಒಪ್ಪಿದ. ಕರಾರಿಗೆ ಅವನು ಸೋಮವಾರ ರುಜು ಹಾಕಿದ.

ಲಿಫ್ಟಿನಲ್ಲಿ ಅವನು ಈಗಲೂ ಕಣ್ಣು ಮುಚ್ಚಿ ಕೂರುತ್ತಾನೆ. ಮೊನ್ನೆ ನಾನೂ ಪಕ್ಕದಲ್ಲಿ ಕೂತು ನಾಲ್ಕು ಸಲ ಹತ್ತಿ ಇಳಿದೆ. ಬಾಗಿಲು ತೆರೆದಾಗ ಹೊರಗೆ ಯಾವ ಊರಿತ್ತು ಎಂದು ಕೇಳಿದೆ.

"ಸುಮ್ಮನಿರೋ ದಡಿಯ," ಅಂದ. "ಹಗ್ಗದ ಸದ್ದು ಕೇಳ್ತಿದೀನಿ."