ಚಿಕ್ಕಜಾಲದ ಮೊದಲ ಸೋಮವಾರ

ಬಸ್ಸು ಹೆಬ್ಬಾಳದ ಫ್ಲೈಓವರ್ ಮೇಲೆ ಕೆಟ್ಟು ನಿಲ್ಲಬಹುದಿತ್ತು. ಹೊಸ ಶೆಡ್ಡಿಗೆ ಕರೆಂಟೇ ಬಾರದಿರಬಹುದಿತ್ತು. ಬೋರ್‌ವೆಲ್ಲಿನಲ್ಲಿ ಬರೀ ಗಾಳಿ ಬರಬಹುದಿತ್ತು. ವೈರಿಂಗ್ ವಿಭಾಗದ ಹನ್ನೆರಡು ಹೆಂಗಸರೂ 'ಅಷ್ಟು ದೂರ ಯಾರ್ ಬರ್ತಾರೆ' ಅಂತ ಒಟ್ಟಿಗೇ ಕೆಲಸ ಬಿಡಬಹುದಿತ್ತು. ನನಗೆ ಬಿ.ಪಿ. ಏರಿ, ಪೂಜೆಗೆ ತಂದ ಬೂದುಗುಂಬಳದ ಪಕ್ಕದಲ್ಲೇ ಉರುಳಬಹುದಿತ್ತು. ಇಷ್ಟನ್ನೂ ನೋಟ್‌ಬುಕ್ಕಿನಲ್ಲಿ ನಂಬರ್ ಹಾಕಿ ಬರೆದಿಟ್ಟಿದ್ದೆ. ಬರೆದರೆ ಚಿಂತೆ ಕಡಿಮೆಯಾಗುತ್ತದೆ ಎಂದು ಯಾರೋ ಹೇಳಿದ್ದರು. ಆಗಲಿಲ್ಲ, ಪುಟ ತುಂಬಿತು, ಅಷ್ಟೆ.

ಯಶವಂತಪುರದಲ್ಲಿ ಸ್ವಿಚ್‌ಬೋರ್ಡ್ ಮಾಡುವ ನಮ್ಮ ಸಣ್ಣ ಕಾರ್ಖಾನೆ ಚಿಕ್ಕಜಾಲದ ಆಚೆ ಹೋಗುವುದೆಂದು ತೀರ್ಮಾನವಾಗಿತ್ತು. ಆಡಳಿತ ನೋಡಿಕೊಳ್ಳುವವನು ನಾನು. ಅಂದರೆ ಮೇಲಿನವರ ಮಾತನ್ನು ಕೆಳಕ್ಕೆ, ಕೆಳಗಿನವರ ಗೊಣಗಾಟವನ್ನು ಮೇಲಕ್ಕೆ ಸಾಗಿಸುವವನು. "ಅಗ್ರಿಮೆಂಟ್ ಆಗೋವರ್ಗೂ ಬಾಯಿ ಬಿಡ್ಬೇಡಿ," ಎಂದಿದ್ದರು ಯಜಮಾನರು.

ವೈರಿಂಗಿನಲ್ಲಿ ಎಲ್ಲರಿಗಿಂತ ಹಿರಿಯರು ಜಾಲಹಳ್ಳಿಯಿಂದ ಬರುವ ಅಕ್ಕ. ಅವರು ಹೂಂ ಅಂದರೆ ಉಳಿದವರೂ ಹೂಂ. ಎಷ್ಟೋ ವರ್ಷದಿಂದ ಊಟದ ಹೊತ್ತಿಗೆ ತಮ್ಮ ಡಬ್ಬಿಯ ಮುಚ್ಚಳದಲ್ಲಿ ಒಂದಿಷ್ಟು ಪಲ್ಯ ಹಾಕಿ ನನ್ನ ಮೇಜಿಗೆ ತಂದಿಡುತ್ತಿದ್ದರು. ನಾನು ತಿಂದು, ಮುಚ್ಚಳ ತೊಳೆದು ವಾಪಸ್ ಕೊಡುತ್ತಿದ್ದೆ. ಒಂದು ಮಧ್ಯಾಹ್ನ ಹಾಗೆ ತಂದಿಟ್ಟು ಮೆಲ್ಲಗೆ ಕೇಳಿದರು:

"ಸಾರ್, ಜಾಗ ಖಾಲಿ ಮಾಡ್ತಾರಂತೆ, ನಿಜಾನಾ? ಮೊಮ್ಮಗಳನ್ನ ಇಲ್ಲೇ ಹತ್ರದ ಸ್ಕೂಲಿಗೆ ಸೇರ್ಸೋಣ ಅಂತಿದೀನಿ. ಬರ್ತಾ ಹೋಗ್ತಾ ನನ್ ಜೊತೇಲೇ ಇರ್ತಾಳೆ."

"ಛೆ, ಯಾರ್ ಹೇಳಿದ್ದು? ಅಂಥದ್ದೇನೂ ಇಲ್ಲಕ್ಕಾ," ಎಂದೆ, ಅವರದೇ ಬೀನ್ಸ್ ಪಲ್ಯ ಅಗಿಯುತ್ತ.

ಮೂರು ವಾರಕ್ಕೆ ಸಭೆ ಕರೆದೆವು. ಯಜಮಾನರು ವಿಷಯ ತಿಳಿಸಿ, "ನಾವೆಲ್ಲ ಒಂದೇ ಕುಟುಂಬ," ಎಂದರು. ಆ ಸಾಲು ಬರೆದುಕೊಟ್ಟವನೂ ನಾನೇ.

ಅಕ್ಕ ಎದ್ದು ನಿಂತರು. "ಮನೆ ಬದ್ಲಾಯ್ಸೋದನ್ನ ಮನೇವ್ರಿಗೆ ಕೊನೇಲಿ ಹೇಳೋದಾ ಸಾರ್? ಮೊಮ್ಮಗಳ್ನ ಮೊನ್ನೆ ತಾನೆ ಇಲ್ಲಿ ಸ್ಕೂಲಿಗೆ ಸೇರ್ಸಿದೀನಿ." ಕೇಳಿದ್ದು ಯಜಮಾನರನ್ನು, ನೋಡಿದ್ದು ನನ್ನನ್ನು.

ಹಿಂದಿನಿಂದ ಫಿಟ್ಟರ್ ಒಬ್ಬ, "ಗೃಹಪ್ರವೇಶದ ಊಟ ಆದ್ರೂ ಸರಿಯಾಗ್ ಹಾಕ್ಸಿ ಸಾರ್!" ಎಂದ. ಎಲ್ಲ ನಕ್ಕರು. ಅಕ್ಕ ನಗಲಿಲ್ಲ. ಆಮೇಲಿನ ದಿನಗಳು ಸಾಮಾನು ಕಟ್ಟುವುದರಲ್ಲೇ ಹೋದವು. ಯಾರೂ ಕೂತು ಉಣ್ಣಲಿಲ್ಲ.

ಮೊದಲ ಸೋಮವಾರ ಹೊಸ ಗೇಟಿನಲ್ಲಿ ನೋಟ್‌ಬುಕ್ ಹಿಡಿದು ನಿಂತೆ. ಬಸ್ಸು ಹತ್ತು ನಿಮಿಷ ಮುಂಚೆಯೇ ಬಂತು. ಹನ್ನೆರಡು ಹೆಂಗಸರೂ ಇಳಿದರು, ಅಕ್ಕನೇ ಮೊದಲು. ಕರೆಂಟ್ ಇತ್ತು, ನೀರಿತ್ತು, ಕುಂಬಳಕಾಯಿ ಒಂದೇ ಏಟಿಗೆ ಒಡೆಯಿತು. ಒಂದೊಂದೇ ನಂಬರಿಗೆ ಗೀಟು ಎಳೆದೆ.

ಊಟದ ಹೊತ್ತಿಗೆ ಅಕ್ಕ ಡಬ್ಬಿ ಹಿಡಿದು ನನ್ನ ಮೇಜಿನ ಮುಂದೆಯೇ ಹಾದುಹೋದರು. "ಊಟ ಮಾಡಿ ಸಾರ್," ಎಂದರು, ಮರ್ಯಾದೆಯಿಂದಲೇ. ಮುಚ್ಚಳ ಡಬ್ಬಿಯ ಮೇಲೇ ಇತ್ತು.

ಪಲ್ಯ ಹೇಗೂ ಬರುತ್ತದೆಂದು ನಾನು ಬರೀ ಚಪಾತಿ ಕಟ್ಟಿಸಿಕೊಂಡು ಬಂದಿದ್ದೆ.