ಕಾಯಿಲಕ್ಕನ ಎರಡು ಪ್ರಶ್ನೆ

ಮಗುವನ್ನು ಸೊಂಟಕ್ಕೇರಿಸಿಕೊಂಡು ತಂಗಿ ಬಾಗಿಲಿಗೆ ಬಂದಾಗ ಕಾಯಿಲಕ್ಕ ಯಾರದೋ ಇಸ್ತ್ರಿಪೆಟ್ಟಿಗೆ ಬಿಚ್ಚಿಕೊಂಡು ಕೂತಿದ್ದಳು. ಹೀಟರ್ ಕಾರ್ಖಾನೆಯಲ್ಲಿ ಕಾಯಿಲ್ ಸುತ್ತುತ್ತಿದ್ದವಳು ಅವಳು. ಕಾರ್ಖಾನೆ ಮುಚ್ಚಿದ ದಿನ ಉಳಿದವರು ಕಣ್ಣೊರೆಸಿಕೊಂಡು ಮನೆಗೆ ಹೋದರೆ, ಇವಳು ಕೈಯಲ್ಲಿ ತಿರುಗಿಸುವ ಸುತ್ತುಯಂತ್ರವನ್ನು ಕೊಂಡು, ತಲೆಮೇಲೆ ಹೊತ್ತು ಬಂದಿದ್ದಳು. ಹೆಸರು ಅಂಟಿಕೊಂಡದ್ದು ಆಗಲೇ.

“ಅಕ್ಕಾ, ಇವತ್ತೂ ಬ್ರೇಕರ್ ಬಿದ್ದು ಮನೆಯಿಡೀ ಕರೆಂಟ್ ಹೋಯ್ತು. ಇನ್ನೊಂದ್ಸಲ ಬಿದ್ರೆ ಒಲೆ ಎತ್ಕೊಂಡು ಜಾಗ ಖಾಲಿ ಮಾಡಿ ಅಂದ್ಬಿಟ್ರು ಮಾಲೀಕಮ್ಮ.”

ಒಂದು ಕರೆಂಟ್ ಒಲೆ, ಒಂದು ಬಾಡಿಗೆ ಕೋಣೆ. ತಂಗಿಯ ಬೇಕರಿಯೆಂದರೆ ಅಷ್ಟೇ. ಮೂವರ ಹೊಟ್ಟೆ ನಡೆಯುತ್ತಿದ್ದದ್ದೂ ಅದರಿಂದಲೇ.

ಕಾಯಿಲಕ್ಕ ಮೀಟರ್ ಚೀಲ ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟಳು. ಬೇಕರಿಯಲ್ಲಿ ತಂಗಿಯ ಗಂಡ ತಂತಿ ಕತ್ತರಿಸುವ ಇಕ್ಕಳ ಹಿಡಿದೇ ನಿಂತಿದ್ದ.

“ಒಲೇದೇನೂ ತಪ್ಪಿಲ್ಲ ಅತ್ತಿಗೆ. ಕಾಯಿಲ್ ತುಂಡಾದಾಗೆಲ್ಲ ಸುಟ್ಟ ತುದಿ ಕತ್ತರಿಸಿ ನಾನೇ ಗಂಟು ಹಾಕಿದೀನಿ. ದೊಡ್ಡ ಬ್ರೇಕರ್ ಹಾಕ್ಸಿದ್ರಾಯ್ತು.”

“ಹಾಕ್ಸಿ, ಆಮೇಲೆ ಗೋಡೆಯೊಳಗಿನ ವೈರೇ ಸುಡತ್ತೆ. ಸ್ವಲ್ಪ ಸುಮ್ನಿರಿ ಯಜಮಾನ್ರೇ.”

ಒಲೆಯ ಸ್ವಿಚ್ ಹಾಕಿಸಿದಳು. ಆದರೆ ಬಿಚ್ಚಲಿಲ್ಲ. ಅಳುವ ಕೂಸಿನ ಬಟ್ಟೆ ಬಿಚ್ಚುವ ಮೊದಲು ಹಾಲು ಕುಡಿಯಿತಾ, ಮೈ ಬಿಸಿಯಿದೆಯಾ ಎಂದು ನೋಡುವುದಿಲ್ಲವೇ, ಹಾಗೆ ಅವಳು ಯಾವ ಯಂತ್ರವನ್ನಾದರೂ ಮೊದಲು ಕೇಳುವುದು ಎರಡೇ: ಎಷ್ಟು ವೋಲ್ಟ್ ಬರುತ್ತಿದೆ, ಎಷ್ಟು ಆಂಪಿಯರ್ ಎಳೆಯುತ್ತಿದೆ? ಮೀಟರಿನ ಕಡ್ಡಿಗಳನ್ನು ಪ್ಲಗ್ಗಿಗೆ ತಾಗಿಸಿ, ಆಮೇಲೆ ಅದರ ಕೊಕ್ಕಿನಲ್ಲಿ ಒಂದೇ ಒಂದು ವೈರನ್ನು ಹಿಡಿಸಿ, ಸುಣ್ಣದ ಕಡ್ಡಿಯಿಂದ ನೆಲದ ಮೇಲೆ ಬರೆದಳು: 230. ಪಕ್ಕದಲ್ಲಿ 11.5. ಗುಣಿಸಿದರೆ ಶಕ್ತಿ, 2645 ವಾಟ್. ಭಾಗಿಸಿದರೆ ತಂತಿ ಕರೆಂಟನ್ನು ತಡೆಯುವ ರೋಧ, 20 ಓಮ್.

“ಒಲೆ ಮೇಲೆ ಎರಡು ಸಾವಿರ ವಾಟ್ ಅಂತಿದೆ. ಅಂದ್ರೆ ಒಂಬತ್ತು ಆಂಪಿಯರೂ ಎಳೀಬಾರದು. ಇದು ಹನ್ನೊಂದೂವರೆ ಎಳೀತಿದೆ. ನಿಮ್ ಬ್ರೇಕರ್ ಹತ್ತು ಆಂಪಿಯರಿಂದು, ಬೀಳ್ದೆ ಇನ್ನೇನ್ ಮಾಡತ್ತೆ? ರೋಧ ಇಪ್ಪತ್ತಾರೂವರೆ ಇರ್ಬೇಕು, ಇಪ್ಪತ್ತೇ ಇದೆ. ಕಾಯಿಲಲ್ಲಿ ಕಾಲು ಭಾಗ ಎಲ್ಲಿ ಹೋಯ್ತು?”

ಮುಚ್ಚಳ ತೆರೆಯದೆಯೇ ಒಳಗಿನದ್ದು ಹೇಳಿದಳಲ್ಲ! ತಂಗಿ ತನ್ನ ಗಂಡನ ಮುಖ ನೋಡಿದಳು. ಅವನು ಇಕ್ಕಳ ನೋಡಿದ.

“ಒಂದೊಂದ್ಸಲ ಬೆರಳುದ್ದ ಅಷ್ಟೇ... ತಂತಿ ಕಮ್ಮಿ ಆದ್ರೆ ಕರೆಂಟೂ ಕಮ್ಮಿ ತಾನೇ ತಿನ್ನೋದು?”

“ಅದು ತಡೆಯೋ ತಂತಿ. ಬಾಗಿಲಲ್ಲಿ ತಡೆಯೋರು ಕಮ್ಮಿ ಆದ್ರೆ ಒಳಗೆ ನುಗ್ಗೋರು ಜಾಸ್ತಿ ಆಗಲ್ವಾ?”

ಮಾರನೆಯ ಬೆಳಿಗ್ಗೆ, ರಾತ್ರಿಯೇ ಕಾಯಿಲಕ್ಕ ಸುತ್ತಿಟ್ಟಿದ್ದ ಹೊಸ ಕಾಯಿಲ್ ಒಲೆಯೊಳಗೆ ಕೂತಿತು. ಮಾಲೀಕಮ್ಮ ಬ್ರೇಕರಿನ ಕೆಳಗೆ ಕೈಕಟ್ಟಿ ನಿಂತರು. ಬ್ರೆಡ್ಡು ಉಬ್ಬತೊಡಗಿತು. ದಿನಾ ಕತ್ತಲಾಗುತ್ತಿದ್ದದ್ದು ಇದೇ ಹೊತ್ತಿಗೆ. ತಂಗಿ ಬ್ರೇಕರಿನಿಂದ ಕಣ್ಣು ಕೀಳಲಿಲ್ಲ. ಮಗು ಮಾತ್ರ ಅಚ್ಚಿನ ತಟ್ಟೆ ಬಡಿಯುತ್ತಿತ್ತು. ಮೀಟರಿನಲ್ಲಿ 8.7, ಅಲ್ಲಿಂದ ಕದಲಲಿಲ್ಲ. ಬ್ರೆಡ್ಡು ಕೆಂಪಗಾಗಿ ಹೊರಬಂದರೂ ದೀಪ ಉರಿಯುತ್ತಲೇ ಇತ್ತು.

“ಬ್ರೆಡ್ಡು ಆರಿದ್ಮೇಲೆ ಕೆಳಗೆ ಒಂದು ಕಳ್ಸಮ್ಮಾ,” ಎಂದು ಮಾಲೀಕಮ್ಮ ಮೆಟ್ಟಿಲಿಳಿದರು. ಜಾಗ ಖಾಲಿ ಮಾಡುವ ಮಾತು ಬಾಯಿಗೆ ಬರಲಿಲ್ಲ.

“ಕೂಲಿ ಏನ್ ಕೊಡ್ಲಿ ಅತ್ತಿಗೆ?”

“ಆ ಇಕ್ಕಳ ಕೊಡಿ.”

ಈಗ ಅದು ಕಾಯಿಲಕ್ಕನ ಮನೆಯ ಮೊಳೆಗೆ ನೇತಾಡುತ್ತಿದೆ. ಎರವಲು ಕೇಳಿದರೂ ಅವಳು ಕೊಡುವುದಿಲ್ಲ.